ಬರೆಯದೆ ಬಿಟ್ಟ ಏಳನೆಯ ಸಾಲು

ವೆಂಕಟಸುಬ್ಬಯ್ಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ನಿಮಗೆ ಹಾಗನ್ನಿಸಬಹುದು. ಮೈಸೂರಿನ ಕಡೆಯವನು, ಮುಂಬಯಿಯ ಸಂಶೋಧನಾ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಹದಿನಾಲ್ಕು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವನು.

ನಮ್ಮಲ್ಲಿ ಗಣಿತದ ಪ್ರೋಗ್ರಾಮುಗಳ ದೊಡ್ಡದೊಂದು ಲೈಬ್ರರಿ ಇತ್ತು. ಎಂತಹ ಕಗ್ಗಂಟಿನ ಸಮೀಕರಣವಿರಲಿ, ಬಿಡಿಸಲು ಅದರಲ್ಲಿ ಸಿದ್ಧ ಪ್ರೋಗ್ರಾಮು ಸಿಗುತ್ತಿತ್ತು. ಎಂಬತ್ತಾರು ಎಂಬತ್ತೇಳರ ಹೊತ್ತಿಗೆ ಕಾಲೇಜುಗಳಿಗೆ ಪಿಸಿ ಬಂದವು, ಎಲ್ಲರೂ ಅದನ್ನು ಕೇಳತೊಡಗಿದರು. ಒಟ್ಟು ಒಂಬತ್ತು ಫ್ಲಾಪಿ. ಯಾವ ಫೈಲು ಮೊದಲು, ಯಾವುದು ಆಮೇಲೆ ಎಂದು ಸುಬ್ಬಯ್ಯ ಒಂದು ಹಾಳೆಯಲ್ಲಿ ಟೈಪ್ ಮಾಡಿ ಜೊತೆಗೆ ಕಳಿಸುತ್ತಿದ್ದ.

ಆದರೆ ಒಂದು ಸಾಲು ಬಿಡುತ್ತಿದ್ದ. ಸಾರಿನ ಪುಡಿಯ ಅಳತೆ ಕೇಳಿದರೆ ಒಂದು ಸಾಮಾನು ನುಂಗಿಕೊಂಡು ಹೇಳುವವರಿಲ್ಲವೇ, ಹಾಗೆ. ತಮ್ಮ ಯಂತ್ರ ಎಷ್ಟು ಅಂಕಿಯವರೆಗೆ ಲೆಕ್ಕ ಹಿಡಿಯಬಲ್ಲದು ಎಂದು ಒಂದು ಚಿಕ್ಕ ಫೈಲಿನಲ್ಲಿ ತಿದ್ದಬೇಕಿತ್ತು. ತಿದ್ದದಿದ್ದರೆ ಪ್ರೋಗ್ರಾಮು ನಿಂತುಹೋಗುತ್ತಿತ್ತು. ಆಗ ಫೋನು ಬರುತ್ತಿತ್ತು. ಇವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲೋಕಲ್ ರೈಲು ಹತ್ತುತ್ತಿದ್ದ. ಹೋದಲ್ಲಿ ಪ್ರಿನ್ಸಿಪಾಲರೇ ಎದ್ದು ಕುರ್ಚಿ ತೋರಿಸುತ್ತಿದ್ದರು. ಎರಡು ನಿಮಿಷದ ಕೆಲಸಕ್ಕೆ ಒಂದು ಮಧ್ಯಾಹ್ನದ ಮರ್ಯಾದೆ. ಆಫೀಸಿನಲ್ಲಿ ಯಾರೂ ಅವನಿಗೆ ಎದ್ದು ನಿಂತವರಲ್ಲ. ಈ ಚಾಲಾಕಿ ನನಗೆ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದೆ.

ಅಂಧೇರಿಯ ಕಾಲೇಜೊಂದರಲ್ಲಿ ರಮಾಮಣಿ ಎಂಬ ಲೆಕ್ಚರರ್ ಇದ್ದರು, ಬೆಂಗಳೂರಿನವರು. ಖಾಡಿಯಲ್ಲಿ, ಅಂದರೆ ಸಮುದ್ರ ಒಳಹೊಕ್ಕ ಹಿನ್ನೀರಿನಲ್ಲಿ, ಉಪ್ಪು ಹೇಗೆ ಹರಡುತ್ತದೆ ಎಂಬುದು ಅವರ ಪಿಎಚ್‌ಡಿ ವಿಷಯ. ಅವರೂ ಫ್ಲಾಪಿ ತರಿಸಿಕೊಂಡರು. ಅವರಿಂದ ಫೋನು ಬರಲಿಲ್ಲ. ಅವರ ಯಂತ್ರ ಬೇರೆ ಬಗೆಯದು, ಅದರಲ್ಲಿ ಪ್ರೋಗ್ರಾಮು ನಿಲ್ಲಲೇ ಇಲ್ಲ. ಓಡಿತು, ತಪ್ಪು ಉತ್ತರ ಕೊಡುತ್ತಾ ಓಡಿತು.

ಅದು ಗೊತ್ತಾದದ್ದು ಫೋರ್ಟ್‌ನಲ್ಲಿ ನಡೆದ ಸೆಮಿನಾರಿನಲ್ಲಿ. ಅವರ ಗ್ರಾಫಿನ ಒಂದು ಮೂಲೆಯಲ್ಲಿ ಉಪ್ಪು ಸೊನ್ನೆಗಿಂತ ಕೆಳಗಿಳಿದಿತ್ತು. ಹಿರಿಯರೊಬ್ಬರು ಎದ್ದು, ಸೊನ್ನೆಗಿಂತ ಕಡಿಮೆ ಉಪ್ಪಿರುವ ನೀರಿನ ರುಚಿ ಹೇಗಿರುತ್ತದೆ ಮೇಡಂ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಲ್ ತುಂಬ ನಗು. ರಮಾಮಣಿ ತಪ್ಪು ತಮ್ಮದೇ ಎಂದು ಹೇಳಿ, ಕಾಗದ ಮಡಚಿಕೊಂಡು ಇಳಿದರು. ನಾಲ್ಕನೇ ಸಾಲಿನಲ್ಲಿ ನಾವಿಬ್ಬರೂ ಇದ್ದೆವು. ನೋಡಿದ ಕೂಡಲೇ ಇಬ್ಬರಿಗೂ ಕಾರಣ ಹೊಳೆದಿತ್ತು. ಇಬ್ಬರೂ ಏಳಲಿಲ್ಲ. ಆಮೇಲೆ ಉಡುಪಿ ಹೋಟೆಲಿನಲ್ಲಿ ಸುಬ್ಬಯ್ಯ ದೋಸೆ ತರಿಸಿ, ಮುಟ್ಟದೆ ಎದ್ದ.

ಎರಡು ತಿಂಗಳು ಅವನು ಯಂತ್ರದ ಮುಂದೆಯೇ ಕೂತ. ಮೊದಲ ಫ್ಲಾಪಿ ಹಾಕಿ ಒಂದೇ ಪದ ಟೈಪ್ ಮಾಡಿದರೆ ಸಾಕು, ಯಂತ್ರ ಯಾವುದೆಂದು ತಾನೇ ಪತ್ತೆಮಾಡಿ, ಆ ಫೈಲನ್ನು ತಿದ್ದಿ, ಉಳಿದ ಫ್ಲಾಪಿಗಳನ್ನು ಒಂದೊಂದಾಗಿ ಕೇಳಿ ಹಾಕಿಸಿಕೊಂಡು, ಕೊನೆಗೊಂದು ಗೊತ್ತಿರುವ ಲೆಕ್ಕ ಮಾಡಿ ಉತ್ತರ ಸರಿಯೋ ತಪ್ಪೋ ಹೇಳುವ ಪ್ರೋಗ್ರಾಮು ಬರೆದ. ಮುಂಬಯಿಯ ಕಾಲೇಜುಗಳೆಲ್ಲ ಹೊಗಳಿದವು. ಹೊಗಳಿದಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ಫೋನು ನಿಂತುಹೋಯಿತು.

ಅಂಧೇರಿಗೆ ಮಾತ್ರ ತಾನೇ ಒಯ್ದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ. ರಮಾಮಣಿ ಕುರ್ಚಿ ಕೊಟ್ಟು ಚಹಾ ತರಿಸಿದರು. ಪಿಎಚ್‌ಡಿ ಬಿಟ್ಟೆ ಎಂದು ಸಲೀಸಾಗಿ ಹೇಳಿದರು. ಆಮೇಲೆ ಡ್ರಾಯರಿನಿಂದ ಸುಬ್ಬಯ್ಯ ಟೈಪ್ ಮಾಡಿ ಕಳಿಸಿದ್ದ ಆ ಹಳೆಯ ಹಾಳೆ ತೆಗೆದರು. ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಪೆನ್ಸಿಲಿನ ಗುರುತು.

"ಹತ್ತು ಸಲ ಚೆಕ್ ಮಾಡಿದೀನಿ ಸರ್. ಯಾವ ಸ್ಟೆಪ್ ಬಿಟ್ಟೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ನೀವಾದ್ರೂ ತೋರಿಸಿ."

ಸುಬ್ಬಯ್ಯ ಪೆನ್ನು ತೆಗೆದು ಆರನೆಯ ಸಾಲಿನ ಕೆಳಗೆ ಇರುಕಿಸಿ ಒಂದು ಸಾಲು ಬರೆದ.

"ನೀವು ಬಿಟ್ಟಿಲ್ಲಮ್ಮ. ನಾನು ಬಿಟ್ಟಿದ್ದು. ಬೇಕೂಂತಲೇ."

ಅವರು ಆ ಸಾಲನ್ನು ಓದಿದರು. ಚಹಾ ಆರುವಷ್ಟು ಹೊತ್ತು ಓದಿದರು.

"ಅವತ್ತು ಹಾಲ್‌ನಲ್ಲಿ ಇದ್ರಿ ಅಲ್ವಾ ಸರ್?"

ಇದ್ದೆ ಎಂದ. ಅವರು ನನ್ನ ಕಡೆ ತಿರುಗಿದರು. ನಾನೂ ಅದನ್ನೇ ಹೇಳಬೇಕಾಯಿತು.