‘ಗಪ್ಪಿತ್ತು’ ಎಂಬ ಮಾತನ್ನು ಕಾಪಾಡಿದ ಬೆರಳುಗಳು

ಸೌಭಾಗ್ಯ, ವಕೀಲರು, ಶಹಾಪುರ

ಅಭಿನಂದನ ಗ್ರಂಥಗಳು ಸಾಮಾನ್ಯವಾಗಿ ನ್ಯಾಯಾಧೀಶರಿಗೆ, ಹಿರಿಯ ವಕೀಲರಿಗೆ, ಪ್ರಾಧ್ಯಾಪಕರಿಗೆ ಸಲ್ಲುವಂಥವು. ಕೋರ್ಟಿನ ಬೆರಳಚ್ಚುಗಾರ್ತಿಯೊಬ್ಬರಿಗೆ ಗ್ರಂಥ ಸಮರ್ಪಿಸಬೇಕೆಂದು ಯಾದಗಿರಿ, ಶಹಾಪುರ, ಸುರಪುರಗಳ ಮೂರೂ ವಕೀಲರ ಬಳಗಗಳು ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದನ್ನು ಕೇಳಿದಾಗ ನನಗಾದ ಸಂತೋಷವನ್ನು ಅಡಗಿಸಿಕೊಂಡು ಗಂಭೀರವಾಗಿ ಬರೆಯುವುದು ನನ್ನಿಂದಾಗದ ಕೆಲಸ. ಈ ಮೂರು ಬಳಗಗಳು ಚಹಾದ ಅಂಗಡಿ ಯಾವುದೆಂಬ ವಿಷಯದಲ್ಲಿಯೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಜಿಲ್ಲೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ, ಅಂದರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನಕ್ಕೆ ಬಾರದ ಮಕ್ಕಳಿಗೆ, ಕಾನೂನಿನ ನೆರವು ದೊರೆತ ಕಥೆಯನ್ನು ಯಾರೇ ಬರೆಯಲಿ, ಮೊದಲ ಪುಟದಲ್ಲಿ ಶ್ರೀಮತಿ ಕುಬ್ರಾಬೇಗಂ ಅವರ ಹೆಸರು ಬರಲೇಬೇಕು.

ಕುಬ್ರಾಬೇಗಂ ಅವರು ಸುರಪುರದ ಕೋರ್ಟಿನಲ್ಲಿ ಸೇವೆಗೆ ಸೇರಿದ್ದು ೧೯೯೦ರಲ್ಲಿ. ಆಗ ಕನ್ನಡ ಟೈಪ್‌ರೈಟರಿನ ಕೀಲಿಗಳನ್ನು ಒತ್ತಲು ಬೆರಳಿಗಿಂತ ಭುಜದ ಬಲ ಹೆಚ್ಚು ಬೇಕಾಗುತ್ತಿತ್ತೆಂದು ಅವರೇ ನಗುತ್ತ ಹೇಳುತ್ತಾರೆ. ಸೇರಿದ ಮೊದಲ ವರ್ಷವೇ ಆರೋಪಿ ತನ್ನನ್ನು ಬೈದದ್ದೆಂದು ಸಾಕ್ಷಿಯೊಬ್ಬಳು ಹೇಳಿದ ಬೈಗುಳವನ್ನು ಒಂದಕ್ಷರ ಬಿಡದೆ ಟೈಪು ಮಾಡಿ ಹಿರಿಯ ಗುಮಾಸ್ತರಿಂದ ಬೈಸಿಕೊಂಡರಂತೆ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದನು’ ಎಂದು ಬರೆಯಬಾರದಿತ್ತೆ ಎಂದು ಗುಮಾಸ್ತರು ಕೇಳಿದ್ದಕ್ಕೆ ಈ ಹೊಸ ಹುಡುಗಿ, “ಮಾತು ಅಕಿದು ಅದ ಸಾಹೇಬ್ರ, ನಂದು ಬೆರಳ ಅಷ್ಟ” ಎಂದಿದ್ದರು. ಮೂವತ್ತೈದು ವರ್ಷಗಳ ಸೇವೆಯ ಉದ್ದಕ್ಕೂ ಅವರು ಈ ನಿಲುವಿನಿಂದ ಕದಲಲಿಲ್ಲ.

ಕೋರ್ಟಿನ ಒಳಹೊರಗು ಬಲ್ಲವರಿಗೆ ಒಂದು ಸಾಲು ಚೆನ್ನಾಗಿ ಗೊತ್ತು. ಪ್ರತಿ ಹೇಳಿಕೆಯ ಕೊನೆಗೆ ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂದು ಬರೆಯುವುದುಂಟು. ಆ ಸಾಲನ್ನು ಟೈಪು ಮಾಡುವವರು ಬಹಳ, ನಿಜವಾಗಿ ಓದಿ ಹೇಳುವವರು ವಿರಳ. ಕುಬ್ರಾಬೇಗಂ ಅವರು ಓದಿ ಹೇಳುತ್ತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಕಕ್ಷಿದಾರರೇ ಚಡಪಡಿಸಿದರೂ, ವಕೀಲರು ಗಡಿಯಾರ ನೋಡಿ ಹಲ್ಲು ಕಡಿದರೂ ಅವರು ಕನ್ನಡಕ ಏರಿಸಿಕೊಂಡು ಮೊದಲ ಸಾಲಿನಿಂದ ಓದಿ, ಕೊನೆಗೆ “ಇದು ನಿಂದ ಮಾತ ಹೌದಿಲ್ಲೋ?” ಎಂದು ಕೇಳಿಯೇ ಸಹಿಗೆ ಪೆನ್ನು ಕೊಡುತ್ತಿದ್ದರು. ಇದರಿಂದ ಅವರಿಗೆ ಬಂದ ಬಿರುದು ‘ತಡದ ಬೇಗಂ’. ಬಿರುದು ಕೊಟ್ಟವರಲ್ಲಿ ನಾನೂ ಒಬ್ಬಳೆಂದು ಇಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಶಹಾಪುರಕ್ಕೆ ವರ್ಗವಾಗಿ ಬಂದ ಕಾಲದಲ್ಲಿ ಅವರ ಕಣ್ಣಿಗೆ ಬಿದ್ದವರು ಭೀಮಾ ದಂಡೆಯ ಮೀನುಗಾರ ಭಗವಂತರಾಯ. ಮಗ ನಡೆಯಲಾರನೆಂದು ರುಜುವಾತು ಮಾಡಲು ಹನ್ನೆರಡು ವರ್ಷದ ಆ ಮಗನನ್ನು ಬೆನ್ನ ಮೇಲೆ ಹೊತ್ತು ಕಚೇರಿಯೊಂದರ ಎರಡನೆಯ ಮಹಡಿಗೆ ನಾಲ್ಕು ಸಲ ಹತ್ತಿಳಿದಿದ್ದರು. ಐದನೆಯ ಸಲ ಕುಬ್ರಾಬೇಗಂ ಮೆಟ್ಟಿಲ ಬುಡದಲ್ಲಿ ಭಗವಂತರಾಯರನ್ನು ತಡೆದು ಕೂರಿಸಿ, ತಾವೇ ಮೇಲೆ ಹೋಗಿ, “ಸಾಹೇಬ್ರ, ಆ ಕೂಸಿಗಿ ಕಾಲಿಲ್ಲ, ನಿಮಗ ಅವ. ನೀವ ಇಳದು ಬರ್ರಿ” ಎಂದರು. ಸಾಹೇಬರು ಇಳಿದು ಬಂದರು! ಮುಂದೆ ಯಾದಗಿರಿ ಜಿಲ್ಲೆಯಾಗಿ, ಉಚಿತ ಕಾನೂನು ನೆರವು ಕೊಡುವ ಪ್ರಾಧಿಕಾರದ ಕಚೇರಿಗೆ ಅವರು ನಿಯೋಜನೆಗೊಂಡ ಮೇಲೆ, ಇಂಥ ಮಕ್ಕಳ ಅರ್ಜಿಗಳಿಗೆಂದೇ ನೆಲಮಟ್ಟದಲ್ಲಿ ಒಂದು ಮೇಜು ಹಾಕಿಸಿಕೊಂಡರು. ಗುರುತಿನ ಚೀಟಿ, ಮಾಸಾಶನ, ಶಾಲೆಯ ಪ್ರವೇಶ, ಯಾವುದೇ ಇರಲಿ, ಆ ಮೇಜಿನಿಂದ ಹೊರಟ ಅರ್ಜಿಗೆ ಉತ್ತರ ಬರುವವರೆಗೆ ಅವರು ಪತ್ರ ಬರೆಯುವುದನ್ನು ಬಿಡುತ್ತಿರಲಿಲ್ಲ. ರಾಮಸಮುದ್ರದಿಂದ ಕೆಂಭಾವಿಯವರೆಗೆ ತಾಯಂದಿರೆಲ್ಲ ಅವರನ್ನು ‘ಆಪಾ’, ಅಂದರೆ ಅಕ್ಕ, ಎಂದರು. ನಾವೂ ಹಾಗೇ ಕರೆಯತೊಡಗಿದೆವು.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಹೇಳದೆ ಆಪಾ ಅವರನ್ನು ಅಭಿನಂದಿಸಿದರೆ ಅದು ಅರ್ಧ ಸತ್ಯವಾಗುತ್ತದೆ.

ನಾನು ಮಂಡ್ಯದವಳು, ಮದುವೆಯಾಗಿ ಶಹಾಪುರಕ್ಕೆ ಬಂದವಳು. ಇಲ್ಲಿಯ ಮಾತು ಮೊದಮೊದಲು ನನ್ನ ಕಿವಿಗೆ ಜಗಳದಂತೆ ಕೇಳಿಸುತ್ತಿತ್ತು. ನನ್ನ ಕನ್ನಡವೇ ತಿದ್ದಿದ ಕನ್ನಡವೆಂಬ ಗರ್ವವೂ ಜೊತೆಗಿತ್ತು. ಆರು ವರ್ಷಗಳ ಕೆಳಗೆ ಕೆಂಭಾವಿಯ ಶಿಬಿರಕ್ಕೆ ದೇವಾಪುರದ ಕುರಿ ಸಾಕುವ ಮನೆಯ ಸೊಸೆ ಶಿವಲೀಲಾ ತನ್ನ ಒಂದು ವರ್ಷದ ಮಗಳು ಉಮಾಳನ್ನು ಎತ್ತಿಕೊಂಡು ಬಂದಳು. ಮಗುವಿನ ಕತ್ತು ನಿಲ್ಲುತ್ತಿರಲಿಲ್ಲ, ಮುಷ್ಟಿ ಬಿಚ್ಚುತ್ತಿರಲಿಲ್ಲ. ಹೆರಿಗೆಯಾದದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಅತ್ತೆ ಶಂಕ್ರಮ್ಮನ ಪ್ರಕಾರ ಬಸುರಿ ಸೊಸೆ ಸಂಜೆ ಹೊತ್ತಿನಲ್ಲಿ ಸಂತೆಗೆ ಹೋಗಿ ಗಾಳಿ ತಗಲಿಸಿಕೊಂಡು ಬಂದದ್ದೇ ಇದಕ್ಕೆಲ್ಲ ಕಾರಣ. ಗಂಡ ಹಣಮೇಶ ಬಾಯಿ ಬಿಡದವನು. ಶಿವಲೀಲಾಳನ್ನು ಕೂಸಿನೊಂದಿಗೆ ತವರಿಗೆ ಅಟ್ಟಿ ಅವನಿಗೆ ಬೇರೆ ಹೆಣ್ಣು ತರುವ ಮಾತು ಮನೆಯಲ್ಲಿ ನಡೆದಿತ್ತು. ಅವಳು ಆಪಾ ಅವರಲ್ಲಿ ಕೇಳಿದ್ದು ಪರಿಹಾರವನ್ನಲ್ಲ. “ನನ್ನ ತಪ್ಪ ಏನದ ಅಂತ ಯಾರರೆ ಓದಾಕ ಬರೋರು ಹೇಳ್ರಿ. ನಂದ ತಪ್ಪಿದ್ರ ನಾನ ಹೋಗ್ತೀನಿ” ಎಂದಳು. ಆಪಾ ಅವಳು ಹೇಳಿದ್ದನ್ನೆಲ್ಲ ಅವಳ ಮಾತಿನಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಕಚೇರಿಯ ದಫ್ತರದಲ್ಲಿ ನಂಬರು ಹಾಕಿ ಇಟ್ಟರು.

ಕೆಲವು ತಿಂಗಳ ಮೇಲೆ, ತಪ್ಪು ಯಾರದೆಂದು ತೀರ್ಮಾನವಾಗಲೆಂದು, ಆಸ್ಪತ್ರೆಯ ವಿರುದ್ಧ ಗ್ರಾಹಕ ಆಯೋಗಕ್ಕೆ ದೂರು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಹದಿನೈದು ದಿನ ಆಪಾ ಮಗಳ ಬಾಣಂತನಕ್ಕೆಂದು ಕಲಬುರಗಿಗೆ ಹೋಗಿದ್ದರು. ಶಿವಲೀಲಾ ನನ್ನೆದುರು ಕೂತು ಮತ್ತೆ ಹೇಳಿದಳು: “ಕೂಸ ಹುಟ್ಟಿದ್ದ ಕೂಡ್ಲೆ ಗಪ್ಪಿತ್ರಿ. ಯಾರೂ ಊದಲಿಲ್ರಿ.” ಗಪ್ಪಿರುವುದು ಎಂದರೆ ಸುಮ್ಮನಿರುವುದು, ಅಷ್ಟು ನನಗೆ ಗೊತ್ತಿತ್ತು. ಆದರೆ ದೂರಿನ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ‘ಗಪ್ಪಿತ್ತು’ ಎಂದು ಬರೆಯುವುದೇ? ‘ಜನನವಾದ ಕೂಡಲೇ ಶಿಶುವು ಶಾಂತವಾಗಿತ್ತು’ ಎಂದು ನಾನೇ ಟೈಪು ಮಾಡಿದೆ. ‘ಊದಲಿಲ್ಲ’ ಎಂಬುದು ಮಂತ್ರ ಹಾಕಿ ಊದುವ ವಿಚಾರವಿರಬೇಕೆಂದುಕೊಂಡು, ಮೂಢನಂಬಿಕೆ ನಮ್ಮ ಕೇಸಿಗೆ ಕೆಡುಕೆಂದು ಬಿಟ್ಟೇಬಿಟ್ಟೆ. ಕೊನೆಗೆ ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂಬ ಸಾಲನ್ನು ಅಚ್ಚುಕಟ್ಟಾಗಿ ಸೇರಿಸಿದೆ. ಓದಿ ಹೇಳಲಿಲ್ಲ. ಸಹಿಯಷ್ಟೇ ಕಲಿತಿದ್ದ ಶಿವಲೀಲಾ ನನ್ನನ್ನು ನಂಬಿ ಸಹಿ ಹಾಕಿದಳು.

ಆಸ್ಪತ್ರೆಯವರ ಉತ್ತರ ಬಂತು. ‘ದೂರುದಾರರೇ ಒಪ್ಪಿರುವಂತೆ ಶಿಶುವು ಹುಟ್ಟಿದಾಗ ಶಾಂತವಾಗಿಯೂ ಆರೋಗ್ಯವಾಗಿಯೂ ಇತ್ತು, ಮಗುವಿನ ಈಗಿನ ಸ್ಥಿತಿಗೆ ಗರ್ಭಿಣಿಯಾಗಿದ್ದಾಗ ತಾಯಿ ತೋರಿದ ಅಜಾಗರೂಕತೆಯೇ ಕಾರಣ’ ಎಂದಿತ್ತು. ಶಂಕ್ರಮ್ಮ ಗಾಳಿ ಎಂದದ್ದನ್ನೇ ಇವರು ಇಸ್ತ್ರಿ ಮಾಡಿ ಬರೆದಿದ್ದರು. ಅದಕ್ಕೆ ಆಧಾರ ಒದಗಿಸಿದವಳು ನಾನೇ. ಈ ಕೇಸು ಬಿದ್ದರೆ ಶಿವಲೀಲಾ ಗಂಡನ ಮನೆಯಲ್ಲಿ ಉಳಿಯುವಂತಿರಲಿಲ್ಲ.

ರಜೆ ಮುಗಿಸಿ ಬಂದಿದ್ದ ಆಪಾ ಕಡತ ತರಿಸಿ, ಶಿವಲೀಲಾಳನ್ನು ಕರೆಸಿ, ನನ್ನ ಪ್ರಮಾಣಪತ್ರವನ್ನು ಮೊದಲ ಸಾಲಿನಿಂದ ಅವಳಿಗೆ ಓದಿ ಹೇಳಿದರು. ಆ ಸಾಲು ಬಂದಾಗ ಅವಳು ತಲೆ ಎತ್ತಿ, “ಶಾಂತ ಅಂದ್ರ ಏನ್ರಿ ಆಪಾ? ನಾ ಹಂಗ ಅಂದಿಲ್ರಿ” ಎಂದಳು. ಆಪಾ ನನ್ನ ಕಡೆ ತಿರುಗಿ, “ವಕೀಲಮ್ಮ, ಈ ಶಾಂತ ಅಂಬೋದು ಯಾರ ಮಾತ್ರಿ?” ಎಂದಷ್ಟೇ ಕೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ. ನನ್ನ ಅಳು ಮುಗಿಯುವ ಮೊದಲೇ ಅವರು ದಫ್ತರದಿಂದ ಕೆಂಭಾವಿಯ ಆ ಹಳೆಯ ಅರ್ಜಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು. ‘ಕೂಸ ಗಪ್ಪಿತ್ತು. ಯಾರೂ ಊದಲಿಲ್ಲ.’ ದೂರು ಕೊಡುವುದಕ್ಕೆ ಎಷ್ಟೋ ತಿಂಗಳ ಮೊದಲಿನ ತಾರೀಖು, ನಂಬರು, ಸಹಿ, ಎಲ್ಲವೂ ಅದರಲ್ಲಿದ್ದವು.

ಆ ಅರ್ಜಿಯನ್ನು ಆಯೋಗದ ಮುಂದಿಟ್ಟು, ತಪ್ಪು ನನ್ನದೆಂದು ತೆರೆದ ಕಲಾಪದಲ್ಲಿ ಒಪ್ಪಿಕೊಂಡೆ. ಎದುರು ವಕೀಲರು ಬಿಡುವವರೆ? ಗಪ್ಪಿತ್ತು ಅಂದರೂ ಶಾಂತವಾಗಿತ್ತು ಅಂದರೂ ಒಂದೇ ಎಂದು ವಾದಿಸಿದರು. ಅಧ್ಯಕ್ಷರು ಶಿವಲೀಲಾಳನ್ನೇ ಕರೆದು ಅರ್ಥ ಕೇಳಿದರು. ಸೆರಗು ಸರಿಮಾಡಿಕೊಂಡು ಅವಳು ಹೇಳಿದಳು:

“ಕುರಿ ಈದಾಗ ಮರಿ ಬ್ಯಾ ಅಂತದ್ರಿ. ಅನ್ನಲಿಲ್ಲಂದ್ರ ಅದಕ ಗಪ್ಪ ಅದ ಅಂತೀವಿ, ಉಸರಿಲ್ಲ ಅಂದಂಗ. ಲಗೂನ ಹಿಂಗಾಲ ಹಿಡದು ಎತ್ತಿ, ಬಾಯಿ ಒರಸಿ, ಮೂಗಿನಾಗ ಊದತೀವ್ರಿ. ಮರಿ ಬದುಕ್ತದ. ನನ್ನ ಕೂಸು ಗಪ್ಪಿತ್ರಿ. ನೀಲಿ ಆಗಿತ್ತು. ಅಲ್ಲಿ ಅಷ್ಟ ಮಂದಿ ಇದ್ರು, ಯಾರೂ ಊದಲಿಲ್ರಿ.”

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಮುಂದೆ ತಜ್ಞ ವೈದ್ಯರು ಬಂದು, ಹುಟ್ಟಿದ ಕೂಡಲೇ ಅಳದ, ಉಸಿರಾಡದ ಶಿಶುವಿಗೆ ಉಸಿರು ತುಂಬುವುದೇ ಮೊದಲ ಚಿಕಿತ್ಸೆ, ಆಸ್ಪತ್ರೆಯ ದಾಖಲೆಯಲ್ಲಿ ಅದರ ಸುಳಿವೇ ಇಲ್ಲ ಎಂದು ಹೇಳಿದರು. ನಾನು ಕಾನೂನು ಓದಿದ ಐದು ವರ್ಷ, ವೈದ್ಯರು ವೈದ್ಯಶಾಸ್ತ್ರ ಓದಿದ ಅಷ್ಟೂ ವರ್ಷ ಕೂಡಿ ಹೇಳಬಹುದಾದುದನ್ನು ದೇವಾಪುರದ ಕುರಿಗಾರ್ತಿ ಎರಡು ಪದಗಳಲ್ಲಿ ಹೇಳಿದ್ದಳು, ಆಪಾ ಅವೆರಡನ್ನೂ ಹಾಗೆಯೇ ಬರೆದುಕೊಂಡಿದ್ದರು, ಮತ್ತು ನಾನು ಆ ಎರಡನ್ನೂ ಅಳಿಸಿದ್ದೆ.

ಕೇಸು ಗೆದ್ದೆವು! ಉಮಾಳ ಚಿಕಿತ್ಸೆಯ ಹೊಣೆಯನ್ನು ಆಸ್ಪತ್ರೆಯೇ ಹೊರಬೇಕೆಂದು ಆದೇಶವಾಯಿತು. ಆದೇಶದ ಪ್ರತಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು, ಆಪಾ ಒಪ್ಪಲಿಲ್ಲ. ನಾವಿಬ್ಬರೂ ಬಸ್ಸು ಹಿಡಿದು ದೇವಾಪುರಕ್ಕೆ ಹೋದೆವು. ಅಂಗಳದಲ್ಲಿ ಕಂಬಳಿ ಹಾಸಿ ಮನೆಯವರನ್ನೆಲ್ಲ ಕೂರಿಸಿ ಆಪಾ ಓದಿದರು, ಓದಿದ್ದನ್ನು ಅವರ ಮಾತಿಗೆ ತಿರುಗಿಸಿದರು. ‘ಮಗುವಿನ ಈ ಸ್ಥಿತಿಗೆ ತಾಯಿಯ ಯಾವ ನಡೆಯೂ ಕಾರಣವಲ್ಲ’ ಎಂಬ ಸಾಲು ಬಂದಾಗ ಹಣಮೇಶ ಮೊದಲ ಬಾರಿಗೆ ಬಾಯಿ ಬಿಟ್ಟು, “ಅದನ್ನ ಇನ್ನೊಮ್ಮೆ ಓದ್ರಿ” ಎಂದ. ಆಪಾ ಓದಿದರು. ಶಿವಲೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶಂಕ್ರಮ್ಮ ಅಳುಕುತ್ತ ಕೇಳಿದರು: “ನಾ ಗಾಳಿ ಅಂದಿದ್ದೂ ಅದರಾಗ ಬರದಾರೇನ್ರಿ?”

“ಇಲ್ಲಬೇ” ಎಂದರು ಆಪಾ. “ಬರೀಲಾರದ ಮಾತ ಕೋರ್ಟ ಹ್ಯಾಂಗ ಅಳಸತದ? ಅದನ್ನ ನೀವ ಅಳಸಬೇಕು.”

ಮುದುಕಿ ಎದ್ದು ಸೊಸೆಯ ಮುಂದೆ ಕುಳಿತು, ಉಮಾಳನ್ನು ತನ್ನ ತೊಡೆಗೆ ಎಳೆದುಕೊಂಡು, “ನಿಂದ ತಪ್ಪಲ್ಲವ್ವ. ನಾ ಅಂದದ್ದ ತಪ್ಪು” ಎಂದರು. ಐದು ವರ್ಷ ಆ ಮನೆಯ ಸೊಸೆ ಕಾದದ್ದು ಈ ಮಾತಿಗೆ. ಆಯೋಗದ ಮೊಹರಿಗೆ ಕೊಡಲು ಬಾರದ್ದು ಅವಳಿಗೆ ಆ ಕಂಬಳಿಯ ಮೇಲೆ ಸಿಕ್ಕಿತು. ನನಗೆ ಅಳು ಬಂತು, ಹಣಮೇಶನೂ ಅತ್ತ, ಆಪಾ ಮಾತ್ರ ಕನ್ನಡಕ ಒರೆಸಿಕೊಂಡು ಉಳಿದ ಎರಡು ಪುಟಗಳನ್ನೂ ಪೂರ್ತಿ ಓದಿಯೇ ಮುಗಿಸಿದರು.

ಕುಬ್ರಾಬೇಗಂ ಆಪಾ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಮರುವಾರದಿಂದಲೇ ಸಂತೆಯ ದಿನ ಕೆಂಭಾವಿಯಲ್ಲಿ ಮೇಜು ಹಾಕಿಕೊಂಡು ಕೂರುವುದಾಗಿ ಈಗಾಗಲೇ ಸಾರಿಬಿಟ್ಟಿದ್ದಾರೆ. ಪಕ್ಕದ ಕುರ್ಚಿ ನನ್ನದೆಂದು ನಾನೂ ಸಾರಿದ್ದೇನೆ. ಅವರಿಗೆ ಆಯುರಾರೋಗ್ಯ ಕೋರಲು ಒಳ್ಳೆಯ ಮಾತು ಹುಡುಕುತ್ತ ನಾನು ನಾಲ್ಕು ಹಾಳೆ ಹರಿದೆ. ಹೊಳೆದವೆಲ್ಲ ‘ಶಾಂತವಾಗಿತ್ತು’ ಜಾತಿಯ ಮಾತುಗಳೇ. ಆದ್ದರಿಂದ ಅಂದು ದೇವಾಪುರದ ಬಸ್ಸಿನ ಬಾಗಿಲಲ್ಲಿ ಶಂಕ್ರಮ್ಮ ಆಪಾ ಅವರ ಎರಡೂ ಕೈ ಹಿಡಿದು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆಯುತ್ತಿದ್ದೇನೆ.

“ನಿಮ್ಮ ಕಣ್ಣ ಗಟ್ಟಿ ಇರಲಿ ನಮ್ಮವ್ವ. ಓದಿ ಹೇಳಸ್ಕೋಳೋರು ಇನ್ನಾ ಭಾಳ ಮಂದಿ ಅದಾರ.”