ಕರಬೂಜ ಮುಟ್ಟಿದ್ದಕ್ಕೆ

ಪ್ರತಿ ಚಳಿಗಾಲ ಹಂಪಿಗೆ ಬಂದಾಗ ನಮ್ಮ ಮನೆಯಲ್ಲೇ ಇಳಿದುಕೊಳ್ಳುವ ಕ್ಲೇರ್, ಈ ಸಲ ನಮ್ಮಿಬ್ಬರನ್ನು ಫ್ರಾನ್ಸಿನ ತನ್ನ ಪುಟ್ಟ ಊರಿಗೆ ಕರೆಸಿಕೊಂಡಿದ್ದಾಳೆ. ಇವತ್ತು ಇಲ್ಲಿ ವಾರದ ಸಂತೆ. ಚರ್ಚಿನ ಮುಂದಿನ ಚೌಕದಲ್ಲಿ ಜನ ಸಾಲಾಗಿ ನಿಂತು ಮೆಲ್ಲಗೆ ಮಾತಾಡುತ್ತಿದ್ದರು. ಹೊಸಪೇಟೆ ಮಾರ್ಕೆಟ್ಟಿನ ಗದ್ದಲದಲ್ಲಿ ಪಳಗಿದ ನನ್ನ ಹೆಂಡತಿ ಗಿರಿಜಾ, ಸೀದಾ ರಾಶಿಗೆ ಕೈ ಹಾಕಿ ಒಂದು ಕರಬೂಜ ಎತ್ತಿ ಹೆಬ್ಬೆರಳಿನಿಂದ ಒತ್ತಿದಳು.

ಹಣ್ಣು ಮಾರುವ ಮುದುಕ ಗದರಿದ. ಇಡೀ ಸಾಲು ನಮ್ಮತ್ತ ತಿರುಗಿತು. ಗಿರಿಜಾ ಹಣ್ಣು ಕೆಳಗಿಡಲಿಲ್ಲ.

"ಅಕ್ಕಾ, ಇಟ್ಟುಬಿಡ್ರಿ. ಇಲ್ಲಿ ಕೊಳ್ಳೋರು ಮುಟ್ಟಂಗಿಲ್ಲ, ಅವನೇ ಆರಿಸಿ ಕೊಡ್ತಾನ," ಎಂದಳು ಕ್ಲೇರ್, ನಮ್ಮ ಮನೆಯಲ್ಲಿ ಕಲಿತ ಕನ್ನಡದಲ್ಲಿ. ಅವಳ ಮುಖ ಕೆಂಪಾಗಿತ್ತು. ನಾಳೆಯೂ ಇದೇ ಜನರ ನಡುವೆ ಇರಬೇಕಾದವಳು ಅವಳು.

"ಮುಟ್ಟಲಾರದ ಹೆಂಗ ತಗೊಳ್ಳೋದು? ಸಪ್ಪಗಿದ್ರ?"

ನಾನೇ ಹಣ್ಣನ್ನು ಅವಳ ಕೈಯಿಂದ ಬಿಡಿಸಿ ರಾಶಿಯ ಮೇಲಿಟ್ಟೆ. ಮುದುಕ ಮತ್ತೇನೋ ಅಂದ. ಬೈದನೆಂದೇ ತಿಳಿದೆ.

"ಯಾವಾಗ ತಿಂತೀರಿ ಅಂತ ಕೇಳ್ತಾನ," ಎಂದಳು ಕ್ಲೇರ್. "ಮಧ್ಯಾಹ್ನಕ್ಕೋ, ರಾತ್ರಿಗೋ?"

"ಅದನ್ನೂ ಅವಗ ಹೇಳಬೇಕೇನು?" ಗಿರಿಜಾ ಸಿಡುಕಿದಳು. "ರಾತ್ರಿಗೆ ಅಂತ ಹೇಳು."

ಮುದುಕ ಆರು ಹಣ್ಣುಗಳನ್ನು ಒಂದೊಂದಾಗಿ ಎತ್ತಿ, ತೊಟ್ಟಿನ ಹತ್ತಿರ ಮೂಸಿ, ಪಕ್ಕಕ್ಕಿಟ್ಟ. ಏಳನೆಯದನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅವಳು ಅವನ ಮುಖ ನೋಡದೆ ಇಸಿದುಕೊಂಡಳು.

ಮೂವರೂ ಚೌಕ ದಾಟಿದೆವು. ಓಣಿಗೆ ತಿರುಗಿದ್ದೇ ಗಿರಿಜಾ ಸೆರಗಿನ ಮರೆಯಲ್ಲಿ ಹಣ್ಣನ್ನು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.

"ರಾತ್ರಿಗೇ ಹಣ್ಣಾಗೋದು," ಎಂದಳು.