ಫೈಟ್ ಇಲ್ಲದ ಸಿನಿಮಾ

ನಮ್ಮ ಬೀದಿಯಲ್ಲಿ ಸಿನಿಮಾದ ಮಾತು ಶುರುವಾಗುವುದು ಕರೆಂಟು ಹೋದ ಮೇಲೆ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಮನೆಗೊಂದು ಮಗ್ಗದ ಶೆಡ್ಡು, ಶೆಡ್ಡಿಗೆ ನಾಲ್ಕೋ ಆರೋ ಪವರ್‌ಲೂಮು. ಅವು ಓಡುತ್ತಿರುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ. ಊಟ ಆಯ್ತಾ, ನೂಲು ಬಂತಾ ಎಂಬುದೆಲ್ಲ ಕೈಸನ್ನೆಯಲ್ಲೇ ಮುಗಿಯುತ್ತದೆ. ಆದರೆ ಸಿನಿಮಾ ಕೈಸನ್ನೆಯಲ್ಲಿ ಹೇಳುವ ವಿಷಯವಲ್ಲ. ಅದಕ್ಕೆ ಜಗಲಿ ಬೇಕು, ಟೀ ಬೇಕು, ಕರೆಂಟು ಹೋಗಬೇಕು.

ಕರೆಂಟು ಹೋದ ಕೂಡಲೇ ಅಕ್ಕಪಕ್ಕದವರು ಬೆವರು ಒರೆಸಿಕೊಳ್ಳುತ್ತಾ ನಮ್ಮ ಜಗಲಿಗೆ ಬರುತ್ತಾರೆ. ನಮ್ಮ ಜಗಲಿಗೆ ಹೊಂಗೆ ಮರದ ನೆರಳಿದೆ. ಅದಲ್ಲದೆ ಅಲ್ಲಿ ನಾನಿದ್ದೇನೆ. ಸಿನಿಮಾ ನೋಡುವುದು ಹೇಗೆಂದು ಗೊತ್ತಿರುವವನು ಈ ಬೀದಿಯಲ್ಲಿ ನಾನೊಬ್ಬನೇ ಎಂಬುದು ಬಹಳ ವರ್ಷಗಳಿಂದ ನನ್ನ ಗಟ್ಟಿ ನಂಬಿಕೆಯಾಗಿತ್ತು. ಜಗಲಿಯಲ್ಲಿ ಒಂದು ಪದ್ಧತಿಯೂ ಇದೆ. ಸಿನಿಮಾ ನೋಡಿ ಬಂದವನು ಕತೆ ಹೇಳುವಾಗ ಇಂಟರ್‌ವಲ್ ತನಕ ಯಾರೂ ಬಾಯಿ ಹಾಕಬಾರದು. ಕರೆಂಟು ಬಂದರೆ ಕತೆ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಹೀಗಾಗಿ ಎಷ್ಟೋ ಸಿನಿಮಾಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಹೀರೋ ಕೊಲೆಗಾರನ ಮುಖವಾಡಕ್ಕೆ ಕೈ ಹಾಕಿರುತ್ತಾನೆ, ಅಷ್ಟರಲ್ಲಿ ಮಗ್ಗ ಶುರುವಾಗಿರುತ್ತದೆ. ಮುಂದಿನ ಸಲ ಕರೆಂಟು ಹೋಗುವ ಹೊತ್ತಿಗೆ ಬೇರೆ ಸಿನಿಮಾ ಬಂದಿರುತ್ತದೆ.

ಕಳೆದ ವರ್ಷ ಊರೆಲ್ಲ ಪೋಸ್ಟರ್ ಅಂಟಿಸಿಕೊಂಡು ಒಂದು ಹೊಸ ಸಿನಿಮಾ ಬಂತು. ಮಗ್ಗಕ್ಕೆ ರಜೆ ಇದ್ದ ದಿನ ಮ್ಯಾಟ್ನಿಗೆ ಹೊರಟೆ. ನನ್ನ ಹೆಂಡತಿಗೆ ಮದುವೆ ಸೀಸನ್ನಿನ ಬ್ಲೌಸುಗಳು ಹೊಲಿಗೆ ಮಿಷನ್ನಿನ ಮುಂದೆ ರಾಶಿ ಬಿದ್ದಿದ್ದವು.

"ನೀವ್ ನೋಡ್ಕೊಂಡ್ ಬನ್ನಿ. ಚೆನ್ನಾಗಿದ್ರೆ ಮುಂದಿನ್ ವಾರ ಇಬ್ರೂ ಹೋಗಣ," ಎಂದಳು.

ಚೆನ್ನಾಗಿದ್ದರೆ ಎಂದರೆ ಅವಳ ಲೆಕ್ಕದಲ್ಲಿ ಫೈಟ್ ಇದ್ದರೆ ಎಂದರ್ಥ. ಅವಳು ಹೊಸಕೋಟೆ ಕಡೆಯವಳು, ಅನುಗೊಂಡನಹಳ್ಳಿಯ ಹತ್ತಿರದ ಬೇಸಾಯದ ಮನೆಯವಳು. ಅಳುವ ಸಿನಿಮಾ ಕಂಡರೆ ಅವಳಿಗಾಗದು. ಅಳು ನೋಡಕ್ಕೆ ಟಿಕೆಟ್ ಯಾಕೆ, ನಮ್ಮನೇಲಿ ನಿಮ್ಮ ದೊಡ್ಡಮ್ಮ ಬರಲ್ವಾ ಎನ್ನುತ್ತಾಳೆ. ನನ್ನನ್ನು ಎಂದೂ ಸೀರೆ ಕೇಳಿದವಳಲ್ಲ. ಅವಳು ಕೇಳುವುದು ವರ್ಷಕ್ಕೆ ಒಂದೆರಡು ಫೈಟಿಂಗ್ ಸಿನಿಮಾ, ಆಮೇಲೆ ಬಸ್ ಸ್ಟಾಂಡಿನ ಹತ್ತಿರ ಒಂದು ಪ್ಲೇಟು ಮಸಾಲೆ ಪುರಿ, ಅಷ್ಟೇ.

ನಾನು ನೋಡಿಕೊಂಡು ಬಂದು, "ಬೇಡ ಬಿಡು. ಬರೀ ಅಳು," ಎಂದೆ. ಅವಳು ಮತ್ತೊಂದು ಬ್ಲೌಸನ್ನು ಮಿಷನ್ನಿಗೆ ಕೊಟ್ಟಳು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಜಗಲಿ ತುಂಬಿತು. ನಾನು ಗಂಟಲು ಸರಿಮಾಡಿಕೊಂಡು ನನ್ನ ಅಭಿಪ್ರಾಯ ಶುರು ಮಾಡಿದೆ. ಸಿನಿಮಾದಲ್ಲಿ ಫೈಟ್ ಇಲ್ಲ, ಹಾಡಿಲ್ಲ. ಹೀರೋ ಇದ್ದಕ್ಕಿದ್ದಂತೆ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಸ್ಪತ್ರೆಯಲ್ಲಿ ಮಲಗಿರುತ್ತಾನೆ, ಹೊಡೆದವರು ಯಾರೆಂದು ತೋರಿಸುವುದಿಲ್ಲ. ಸಾಹುಕಾರನ ಬಂಗಲೆ ಬೂದಿಯಾಗಿರುತ್ತದೆ, ಬೆಂಕಿ ಹಚ್ಚಿದವರ ಸುದ್ದಿಯೇ ಇಲ್ಲ. ಅದಕ್ಕೂ ಮುಂಚೆ ಎಲ್ಲರೂ ಕುಂಟುತ್ತಾ ಬಂದು ತಾಯಿಯ ಮಂಚದ ಸುತ್ತ ನಿಂತು ಕಣ್ಣೀರು ಹಾಕುತ್ತಾರೆ. ತಲೆ ಬುಡ ಇಲ್ಲ. ಆದರೂ ನಿರ್ದೇಶಕ ಬುದ್ಧಿವಂತ, ಏನಾಯಿತೆಂದು ಊಹಿಸುವ ಕೆಲಸವನ್ನು ನೋಡುವವರಿಗೇ ಬಿಟ್ಟಿದ್ದಾನೆ ಎಂದು ಮುಗಿಸಿದೆ.

ಎದುರು ಶೆಡ್ಡಿನ ಅಣ್ಣ ತೊಡೆ ತಟ್ಟಿದರು. ಅವರೂ ನನ್ನಂತೆಯೇ ಹುಟ್ಟಿದಾಗಿನಿಂದ ಮಗ್ಗದವರು, ಮೊನ್ನೆ ತಾನೇ ಅದೇ ಸಿನಿಮಾ ನೋಡಿ ಬಂದಿದ್ದರು.

"ಕರೆಕ್ಟಾಗ್ ಹೇಳ್ದೆ ಗುರು! ನನಗೂ ಹಂಗೇ ಅನ್ನಿಸ್ತು. ಕೈಗೆ ಬಟ್ಟೆ ಕಟ್ಕಂಡ್ ಬರ್ತಾನೆ, ಕೈ ಹೆಂಗ್ ಮುರೀತು ಅಂತ ಒಂದ್ ಮಾತಿಲ್ಲ!"

ಇಬ್ಬರು ಬೇರೆ ಬೇರೆ ದಿನ ನೋಡಿ ಒಂದೇ ಮಾತು ಹೇಳಿದ ಮೇಲೆ ತೀರ್ಮಾನವಾದಂತೆಯೇ. ಅಷ್ಟರಲ್ಲಿ ನನ್ನ ಭಾಮೈದ ಬಂದ. ಹೆಂಡತಿಯ ತಮ್ಮ, ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಹಿಂದಿನ ವಾರವೇ ಆ ಸಿನಿಮಾ ನೋಡಿದ್ದನಂತೆ. ನಮ್ಮ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾವ, ಬೇರೆ ಥಿಯೇಟರ್‌ಗೆ ನುಗ್ಬಿಟ್ರಾ? ಫೈಟ್ ಬಿಟ್ರೆ ಅದ್ರಲ್ಲಿ ಇನ್ನೇನಿದೆ? ಜೀಪ್ ಮೇಲೆ ಜೀಪ್ ಎಸೀತಾನೆ! ಆ ಬಂಗ್ಲೆಗೆ ಬೆಂಕಿ ಹಚ್ಚೋದೇ ಕಾಲ್ ಗಂಟೆ ತೋರಿಸ್ತಾರೆ!"

"ಲೇ, ಕಣ್ಣಲ್ಲಿ ನೋಡ್ದೋನು ನಾನು ಕಣೋ," ಎಂದು ರೇಗಿದೆ.

"ನಾನೇನ್ ಮೂಗಲ್ಲ್ ನೋಡಿದ್ನಾ?"

ಬಾಗಿಲಲ್ಲಿ ನನ್ನ ಹೆಂಡತಿ ಟೀ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಟೀ ಕೊಟ್ಟು ಒಳಗೆ ಹೋದಳು. ಕರೆಂಟು ಬಂದು ಎಲ್ಲರೂ ಎದ್ದ ಮೇಲೆ ನನ್ನನ್ನು ಕರೆದು ಹೇಳಿದಳು:

"ಕರ್ಕೊಂಡ್ ಹೋಗಕ್ಕೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನಿ. ಸುಳ್ಳ್ ಯಾಕ್ರೀ ಹೇಳ್ತೀರ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಸೋಮಾರಿ ಎಂದಿದ್ದಾಳೆ, ಜಂಬದವನು ಎಂದಿದ್ದಾಳೆ, ಎರಡೂ ನಿಜ. ಸುಳ್ಳುಗಾರ ಎಂದದ್ದು ಅದೇ ಮೊದಲು. ಅದೂ ನಾನು ಸುಳ್ಳು ಹೇಳದೆ ಇದ್ದಾಗ! ನಾಲ್ಕು ದಿನ ಟೀ ಬಂತು, ಊಟ ಬಂತು, ಮಾತು ಬರಲಿಲ್ಲ. ಮುಖ ಊದಿಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ನೊಂದುಕೊಂಡಿದ್ದಳು, ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಭಾಮೈದ ನನ್ನ ಮಾನ ಕಳೆದದ್ದು ಅದರ ಮುಂದೆ ಏನೂ ಅಲ್ಲ.

ಐದನೆಯ ದಿನ ನಾನೇ ಮಗ್ಗ ನಿಲ್ಲಿಸಿ, "ಹೊರಡು. ಮ್ಯಾಟ್ನಿಗೆ ಹೋಗಣ. ಕಣ್ಣಾರೆ ನೋಡಿ ಆಮೇಲೆ ಮಾತಾಡು," ಎಂದೆ. ಅವಳು ಕತ್ತರಿ ಕೆಳಗಿಟ್ಟು ಸೀರೆ ಬದಲಾಯಿಸಿದಳು.

ಥಿಯೇಟರಿನಲ್ಲಿ ಅರ್ಧ ಸೀಟು ಖಾಲಿ ಇದ್ದವು. ಇದ್ದವರಲ್ಲಿ ಬಹಳ ಮಂದಿ ನಮ್ಮ ಕಸುಬಿನವರೇ. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಹೀರೋ ಬಂದ. ಸಂತೆಯಲ್ಲಿ ಯಾರೋ ಅವನ ಕಾಲರ್ ಹಿಡಿದರು. ಅವನು ತೋಳು ಮಡಿಸಿದ. ದಡ ದಡ ಎಂದು ಥಿಯೇಟರ್ ನಡುಗಿತು. ನಿಜವಾಗಿ ಹೇಳುತ್ತೇನೆ, ಆ ಸೀನಿನಲ್ಲಿ ಅಷ್ಟೇ ನನಗೆ ನೆನಪಿರುವುದು. ಆಮೇಲೆ ಹೋದ ಸಲದಂತೆಯೇ ಬ್ಯಾಂಡೇಜು, ಆಸ್ಪತ್ರೆ, ಮತ್ತೆರಡು ಸಲ ದಡ ದಡ. ಮುಂದಿನ ಕ್ಷಣಕ್ಕೆ ಎಲ್ಲ ತಣ್ಣಗಾಯಿತು, ನಾನು ಬೆಚ್ಚಿಬಿದ್ದು ಎದ್ದು ನಿಂತೆ, ಕೈ ತಾನಾಗಿಯೇ ಮುಂದೆ ಹೋಗಿ ಗಾಳಿಯಲ್ಲಿ ಏನನ್ನೋ ತಡಕಾಡಿತು.

"ಎಳೆ ಕಿತ್ತೋಯ್ತು!" ಎಂದು ಕೂಗಿಬಿಟ್ಟೆ.

ತೆರೆಯ ಮೇಲೆ ಹೀರೋವಿನ ತಾಯಿ ಕೊನೆಯುಸಿರು ಎಳೆಯುತ್ತಿದ್ದಳು. ಮುಂದಿನ ಸಾಲಿನಿಂದ ಯಾರೋ, "ಯಾವ್ ಮಗ್ಗದ್ದಣ್ಣೋ?" ಎಂದರು. ಥಿಯೇಟರಿಗೆ ಥಿಯೇಟರೇ ನಕ್ಕಿತು. ತಾಯಿ ಪಾಪ ಆ ನಗುವಿನ ನಡುವೆಯೇ ಸತ್ತಳು.

ನಾನು ಕುಸಿದು ಕೂತೆ. ನನ್ನ ಹೆಂಡತಿ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ರೀ, ಸದ್ದು ಜೋರಾದ್ ತಕ್ಷಣ ಮಲ್ಕೊಂಡ್ರಿ. ನಿಂತ್ ತಕ್ಷಣ ಎದ್ರಿ. ಮೂರ್ ಸಲ ಆಯ್ತು," ಎಂದು ಕಿವಿಯಲ್ಲಿ ಹೇಳಿದಳು.

"ನಾನೆಲ್ಲಿ ಮಲಗಿದ್ದೆ?" ಎಂದೆ. ಹೇಳುವಾಗಲೇ ನನಗೆ ಅರ್ಥವಾಗುತ್ತಾ ಬಂತು. ನನ್ನ ತೊಟ್ಟಿಲು ಕಟ್ಟಿದ್ದೇ ಎರಡು ಮಗ್ಗಗಳ ನಡುವೆ. ಮಗ್ಗ ಓಡುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ, ಕಣ್ಣು ಮುಚ್ಚಬಹುದು. ಸದ್ದು ನಿಂತಿತೆಂದರೆ ಎಲ್ಲೋ ಎಳೆ ತುಂಡಾಗಿದೆ, ಎದ್ದು ಓಡಬೇಕು. ನಲವತ್ತೈದು ವರ್ಷ ನನ್ನ ಮೈ ಕಲಿತದ್ದು ಇಷ್ಟೇ. ಜೀಪುಗಳು ಹಾರುವಾಗ ನಾನು ಮಗುವಿನಂತೆ ಮಲಗಿದ್ದೆ, ಜನ ಅಳುವಾಗ ಎಚ್ಚರವಾಗಿದ್ದೆ. ಎದುರು ಶೆಡ್ಡಿನ ಅಣ್ಣನ ಕತೆಯೂ ಅದೇ ಇರಬೇಕು. ನಾವಿಬ್ಬರೂ ಒಂದೇ ಸಿನಿಮಾ ನೋಡಿದ್ದೆವು, ಆದರೆ ಅದು ಉಳಿದ ಊರು ನೋಡಿದ ಸಿನಿಮಾ ಆಗಿರಲಿಲ್ಲ.

"ಮದ್ವೆಯಾದ್ ಹೊಸದ್ರಲ್ಲಿ," ಎಂದಳು ಅವಳು ಮೆಲ್ಲಗೆ, "ಮಗ್ಗದ್ ಸದ್ದಿಗೆ ನನಗ್ ನಿದ್ದೆ ಬರ್ತಿಲ್ಲ ಅಂತ ಮಧ್ಯಾಹ್ನ ಒಂದ್ ಗಂಟೆ ಮಗ್ಗ ನಿಲ್ಲಿಸ್ತಿದ್ರಿ. ಜ್ಞಾಪ್ಕ ಇದ್ಯಾ?"

ಜ್ಞಾಪಕವಿತ್ತು. ಒಂದು ತಿಂಗಳು ಹಾಗೆ ಮಾಡಿದ್ದೆ. ನನ್ನಪ್ಪ ಬೀದಿಗೆ ಕೇಳುವಂತೆ ಬೈದಿದ್ದರು.

"ಆವಾಗ ನೀವ್ ಕಣ್ ಬಿಟ್ಕೊಂಡ್ ಕೂತಿರ್ತಿದ್ರಿ. ಕಾವಲು ಕಾಯ್ತಿದೀರಾ ಅಂದ್ಕೊಂಡಿದ್ದೆ. ಪಾಪ, ನಿಮಗ್ ನಿದ್ದೇನೆ ಬರ್ತಿರ್ಲಿಲ್ಲ." ಅಷ್ಟು ಹೇಳಿ ಸೆರಗನ್ನು ನನ್ನ ತಲೆಯ ಹಿಂದೆ ಮಡಚಿ ಇಟ್ಟಳು. "ಮಲ್ಕೊಳ್ಳಿ. ಏನಾಯ್ತು ಅಂತ ಆಮೇಲ್ ಹೇಳ್ತೀನಿ."

ನಾನು ಒಪ್ಪಲಿಲ್ಲ. ಸಿನಿಮಾ ನೋಡುವವನ ಮರ್ಯಾದೆ ಎಂಬುದೊಂದಿದೆಯಲ್ಲ. ಆದರೆ ಬಂಗಲೆಗೆ ಬೆಂಕಿ ಬಿತ್ತು, ಸದ್ದು ಶುರುವಾಯಿತು, ನಾನು ಏನು ಮಾಡಲಿ? ಸದ್ದು ನಿಂತು ಎಚ್ಚರವಾದಾಗ ಬಂಗಲೆ ಬೂದಿಯಾಗಿತ್ತು, ದೀಪ ಹತ್ತುತ್ತಿತ್ತು. ಅವಳ ಕಣ್ಣು ಕೆಂಪಾಗಿತ್ತು. ಏನೆಂದು ಕೇಳಿದರೆ, ಧೂಳು ಎಂದಳು. ಮಸಾಲೆ ಪುರಿ ತಿನ್ನುವಾಗ ಮಾತ್ರ ನಾಲ್ಕು ದಿನದ ಬಾಕಿ ಮಾತೆಲ್ಲ ಆಡಿಬಿಟ್ಟಳು.

ವಾರದ ಮೇಲೆ ಕರೆಂಟು ಹೋದ ದಿನ ಭಾಮೈದನೂ ಬಂದಿದ್ದ. ಬಂದವನೇ, "ಅಕ್ಕ, ನೀನೂ ನೋಡಿದ್ಯಂತೆ. ನೀನೇ ಹೇಳ್ಬಿಡು, ಯಾರ್ ಹೇಳಿದ್ದು ಸರಿ?" ಎಂದ. ಜಗಲಿಯವರೆಲ್ಲ ಅವಳ ಕಡೆ ತಿರುಗಿದರು. ನಾನು ಟೀ ಲೋಟದೊಳಗೆ ಮುಖ ಹುದುಗಿಸಿದೆ. ಮಲಗಿದ್ದರು ಎಂದು ಅವಳು ಒಂದು ಮಾತು ಹೇಳಿದ್ದರೆ ಈ ಬೀದಿಯಲ್ಲಿ ನಾನು ಇನ್ನು ಬಾಯಿ ಬಿಡುವ ಹಾಗಿರುತ್ತಿರಲಿಲ್ಲ.

"ಫೈಟೂ ಇದೆ ಕಣೋ, ಇಲ್ಲ ಅನ್ನಲ್ಲ," ಎಂದಳು. "ಆದ್ರೂ ಅದು ಅಳೋ ಸಿನಿಮಾನೇ. ನಿಮ್ ಭಾವ ಹೇಳಿದ್ದು ಸುಳ್ಳಲ್ಲ."

"ನಾನ್ ಹೇಳಿಲ್ವಾ!" ಎಂದು ಎದುರು ಶೆಡ್ಡಿನ ಅಣ್ಣ ಮತ್ತೆ ತೊಡೆ ತಟ್ಟಿದರು.

"ಅದ್ರಲ್ಲಿ ಅಳೋದೆಲ್ಲಿದೆ ಅಕ್ಕ? ಯಾವ್ ಹುಚ್ಚರು ಅಳ್ತಾರೆ?"

"ನಾನೇ ಅತ್ತುಬಿಟ್ಟೆ," ಎಂದಳು.

ಅಳುವ ಸಿನಿಮಾ ಕಂಡರಾಗದ ಅವನ ಅಕ್ಕ! ಯಾವ ಸೀನಿನಲ್ಲಿ ಎಂದು ಕೇಳಲು ಭಾಮೈದ ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು, ಪದ್ಧತಿಯಂತೆ ಮಾತು ಅಲ್ಲಿಗೇ ನಿಂತಿತು. ಎಲ್ಲರೂ ಎದ್ದು ಹೋದರು. ನಾನೂ ಹೋಗಿ ಮಗ್ಗ ಶುರು ಮಾಡಿದೆ. ತೆರೆಯ ಮೇಲೆ ಆ ತಾಯಿ ಸಾಯುವಾಗ ನನ್ನ ಹೆಂಡತಿ ತೆರೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.